ಯಾವುದು ಕಾಕೂ ಅವರ ಗಿಡ?

ಪುಣೆಯಲ್ಲಿ ನಮ್ಮ ಎದುರುಮನೆಯ ಕಾಕೂ ಕಳೆದ ವರ್ಷ ಮಗನ ಮನೆಗೆಂದು ನಾಗಪುರಕ್ಕೆ ಹೊರಟಾಗ ಒಂದು ಜೇಡ್ ಗಿಡವನ್ನು ನನಗೆ ಒಪ್ಪಿಸಿ ಹೋದರು. ತೀರಿಕೊಂಡ ಅವರ ಯಜಮಾನರು ನೆಟ್ಟದ್ದು. ಹಳೆಯ ಮಣ್ಣಿನ ಕುಂಡ, ಹೆಬ್ಬೆರಳಿಗಿಂತ ದಪ್ಪನೆಯ ಕಾಂಡ, ನೀರು ತುಂಬಿಕೊಂಡ ಎಲೆಗಳು. “ನೀರು ಜಾಸ್ತಿ ಹಾಕಬೇಡ, ಅಷ್ಟೇ” ಎಂದರು. ವಾಪಸು ಬರುವುದು ಯಾವಾಗ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಬಾಲ್ಕನಿಗೆ ಬಿಸಿಲು ಒಂದೇ ಕಡೆಯಿಂದ, ಅದೂ ಬೆಳಗಿನ ಎರಡು ಗಂಟೆ. ಬೆಳಕು ಸಾಲದಿದ್ದರೆ ಇಂಥ ಗಿಡಗಳು ಬೇಗ ಸಾಯುವುದಿಲ್ಲ, ಉದ್ದವಾಗುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿ, ಕೊಂಬೆ ತೆಳ್ಳಗಾಗಿ, ಬೆಳಕಿನ ಕಡೆಗೆ ವಾಲುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಕುಂಡದ ಸಮೇತ ಉರುಳುವ ಹಾಗಿತ್ತು. ಅಕ್ಟೋಬರಿನಲ್ಲಿ, ಹವೆ ಒಣಗಿದ ಮೇಲೆ, ಕತ್ತರಿಸಿದೆ.

ಕೆಲಸ ಕಷ್ಟದ್ದಲ್ಲ. ಎಲೆ ಉದುರಿದ ಕಡೆ ಕಾಂಡದ ಸುತ್ತ ಉಂಗುರದಂಥ ಗುರುತು ಇರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, ಶುಚಿಯಾದ ಚಾಕುವಿನಿಂದ ಕತ್ತರಿಸಬೇಕು. ತುಂಡನ್ನು ಕೂಡಲೇ ನೆಡಬಾರದು. ಹಸಿ ಗಾಯ ಒದ್ದೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಐದಾರು ದಿನ ನೆರಳಿನಲ್ಲಿ ಬಿಟ್ಟು, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ, ದಪ್ಪ ಮರಳು ಬೆರೆಸಿದ ಮಣ್ಣಿನಲ್ಲಿ ಊರಬೇಕು. ಮೂರ್ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಉದುರಿದ ಎಲೆಯನ್ನು ಮಣ್ಣಿನ ಮೇಲೆ ಸುಮ್ಮನೆ ಇಟ್ಟರೂ ಅದರ ಬುಡದಿಂದ ಒಂದು ಮರಿ ಹುಟ್ಟುತ್ತದೆ.

ಹೀಗೆ ಒಂದು ಗಿಡ ಐದಾಯಿತು. ಹಳೆಯ ಕುಂಡದಲ್ಲಿ ಗೇಣುದ್ದದ ಬೋಳು ಬುಡ. ನಾನು ಕೊಂಡುತಂದ ಕುಂಡದಲ್ಲಿ ಎಲೆ ತುಂಬಿದ ಸೊಗಸಾದ ತಲೆ. ಎರಡು ಸಣ್ಣ ಕೊಂಬೆ, ಒಂದು ಎಲೆಯ ಮರಿ. ಕೊಂಬೆಗಳಲ್ಲಿ ಒಂದನ್ನು ಆಫೀಸಿನ ಗೆಳತಿಗೆ ಕೊಟ್ಟೆ. ಕೊಡುವಾಗ “ನಮ್ಮ ಮನೆಯದು” ಎಂದೆ.

ಜನವರಿಯಲ್ಲಿ ಕಾಕೂ ಫೋನ್ ಮಾಡಿದರು. ಮುಂದಿನ ವಾರ ಬರುತ್ತಿದ್ದೇನೆ, ಗಿಡ ಹೇಗಿದೆ? “ಚೆನ್ನಾಗಿದೆ” ಎಂದು ಫೋನ್ ಇಟ್ಟವಳು ಬಾಲ್ಕನಿಗೆ ಬಂದು ನಿಂತೆ. ಯಾವುದು ಚೆನ್ನಾಗಿದೆ? ನಾನು ಹಿಂತಿರುಗಿಸಬೇಕಾದದ್ದು ಯಾವುದನ್ನು?

ಇದು ಹಳೆಯ ಪ್ರಶ್ನೆ. ಅಥೆನ್ಸಿನವರು ಥೀಸಿಯಸನ ಹಡಗಿನ ಲಡ್ಡು ಹಿಡಿದ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರು. ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. 17ನೇ ಶತಮಾನದಲ್ಲಿ ಹಾಬ್ಸ್ ಇನ್ನೊಂದು ತೊಡಕು ಸೇರಿಸಿದ: ಕಳಚಿದ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ? ಗಿಡದ ವಿಷಯ ಇನ್ನೂ ಕಠಿಣ. ಇಲ್ಲಿ ಯಾವುದೂ ನಕಲಲ್ಲ. ಬುಡವೂ ತಲೆಯೂ ಯಜಮಾನರು ನೆಟ್ಟ ದಿನದಿಂದ ಒಮ್ಮೆಯೂ ಸಾಯದೆ ಬೆಳೆದು ಬಂದವು.

ಆದರೆ ನಿಜ ಹೇಳುತ್ತೇನೆ, ನಾನು ಅವತ್ತು ತತ್ತ್ವ ಯೋಚಿಸುತ್ತಿರಲಿಲ್ಲ. ನನಗೆ ಆ ತಲೆ ಬೇಕಾಗಿತ್ತು. ಬೇರು ಇರುವುದೇ ಗಿಡ, ಕುಂಡವೂ ಅವರದೇ, ಆದ್ದರಿಂದ ಬುಡವನ್ನು ಕೊಟ್ಟರೆ ಲೆಕ್ಕ ಚುಕ್ತಾ ಎಂದುಕೊಂಡೆ. ವಾದದಲ್ಲಿ ತಪ್ಪಿರಲಿಲ್ಲ. ಒಂದು ವೇಳೆ ತಲೆ ಕೊಳೆತು, ಬುಡ ಹುಲುಸಾಗಿ ಚಿಗುರಿದ್ದರೆ? ಆಗ “ಎಲೆ ಇರುವುದೇ ಗಿಡ” ಎಂದು ಅಷ್ಟೇ ಚೆನ್ನಾಗಿ ವಾದಿಸುತ್ತಿದ್ದೆ.

ಪಾಳಿಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನಿಗೆ ಮಾವಿನಹಣ್ಣಿನ ಕಳ್ಳನ ಉದಾಹರಣೆ ಕೊಡುತ್ತಾನೆ. ತೋಟದವನು ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ, ಹಾಗಾಗಿ ನಾನು ಕಳ್ಳನಲ್ಲ ಎಂದು ಅವನು ಹೇಳಿದರೆ ಒಪ್ಪಬಹುದೇ? ಇಲ್ಲ, ಎನ್ನುತ್ತಾನೆ ರಾಜ; ಈ ಹಣ್ಣು ಬಂದದ್ದು ಆ ನೆಟ್ಟ ಹಣ್ಣಿನಿಂದಲೇ. ಅಲ್ಲಿ ಮಾತು ಪುನರ್ಜನ್ಮದ್ದು. ನನಗೆ ತಾಗಿದ್ದು ಇಷ್ಟು: ‘ಇದು ಅದೇ ಅಲ್ಲ’ ಎಂಬುದು ನಿಜವಾದರೂ ಹೊಣೆ ತಪ್ಪುವುದಿಲ್ಲ.

ಹಾಗಾದರೆ ನನ್ನ ಮರಳು, ನನ್ನ ಬಾಲ್ಕನಿಯ ಬಿಸಿಲು, ನಾನು ಕಾದ ವಾರಗಳು? ಅವುಗಳಿಗೂ ಒಂದು ಪಾಲು ಇದ್ದೀತು. ಎಷ್ಟು ಎಂದು ನಾನೊಬ್ಬಳೇ ನಿರ್ಧರಿಸುವಂತಿಲ್ಲ, ಅಷ್ಟೇ.

ಊರು ಬಿಟ್ಟ ನಾವು ನಮ್ಮನ್ನು ಬೇರೆ ಕುಂಡದಲ್ಲಿ ನೆಟ್ಟ ಕೊಂಬೆ ಎಂದು ಹೇಳಿಕೊಳ್ಳುವುದುಂಟು. ಆ ಹೋಲಿಕೆಯಲ್ಲಿ ಊರಲ್ಲಿ ಉಳಿದವರು ಬರೀ ಬುಡ, ನಮ್ಮ ಕಥೆ ಮುಂದುವರಿದ ಮೇಲೆ ಉಳಿದದ್ದು. ನಾನೂ ಆ ಹಳೆಯ ಕುಂಡವನ್ನು ಹಾಗೇ ಮೂಲೆಗೆ ಸರಿಸಿದ್ದೆ. ಈಗ ಬಗ್ಗಿ ನೋಡಿದರೆ ಕತ್ತರಿಸಿದ ಪ್ರತಿ ಜಾಗದ ಕೆಳಗೂ ಎರಡೆರಡು ಚಿಗುರು ಬಂದಿದ್ದವು.

ಕಾಕೂ ಬಂದ ದಿನ ನಾಲ್ಕು ಕುಂಡಗಳನ್ನೂ ಅವರ ಮುಂದೆ ಇಟ್ಟೆ. ಐದನೆಯದು ಎಲ್ಲಿ ಹೋಯಿತು ಎಂಬುದನ್ನೂ ಹೇಳಿದೆ. ಕಾಕೂ ಬುಡದ ಮೇಲೆ ಬೆರಳಾಡಿಸಿದರು, ಚಿಗುರು ನೋಡಿದರು. “ನನಗೆ ಇದು ಸಾಕು ಗ, ಉಳಿದದ್ದು ನಿನ್ನ ಹತ್ತಿರವೇ ಇರಲಿ” ಎಂದರು. ನಾನು ಕೊಡಬೇಕೆಂದುಕೊಂಡಿದ್ದೂ ಅದನ್ನೇ. ಆದರೂ ನಾನು ಆರಿಸಿ ಕೊಡುವುದು, ಅವರು ಆರಿಸಿ ತೆಗೆದುಕೊಳ್ಳುವುದು, ಎರಡೂ ಒಂದೇ ಅಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಆ ನಿನ್ನ ಗೆಳತಿಗೆ ಅದು ಯಾರು ನೆಟ್ಟ ಗಿಡ ಅಂತ ಗೊತ್ತಾ?”

“ಇಲ್ಲ ಕಾಕೂ.”

“ಹೇಳು.”

ಮರುದಿನ ಊಟದ ಹೊತ್ತಿನಲ್ಲಿ ಹೇಳಿದೆ. ಗೆಳತಿ ಎಲ್ಲವನ್ನೂ ಕೇಳಿ, ಅವರ ಹೆಸರೇನು ಎಂದಳು. ಮೂರು ವರ್ಷ ಎದುರುಬದುರು ಇದ್ದೂ ನನಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ಆಫೀಸಿನಿಂದ ಬಂದವಳೇ ಎದುರುಮನೆಯ ಬೆಲ್ ಒತ್ತಿದೆ.