ತೂಗದೆ ಬಿಟ್ಟ ಎರಡು ಮೀನು

ಮೀನು ಹಿಡಿಯುವ ವಿಷಯ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಆಗಲೇ ಲೂಕ 5 ತೆಗೆದಿಟ್ಟುಕೊಂಡಿರ್ತೀರಿ. ರಾತ್ರಿಯೆಲ್ಲಾ ದುಡಿದು ಬರಿಗೈಯಲ್ಲಿ ಬಂದ ಪೇತ್ರ, ಆಮೇಲೆ ಬಲೆ ಹರಿಯುವಷ್ಟು ಮೀನು. ಆ ಸಂದೇಶ ನೀವು ಬೇಕಾದಷ್ಟು ಸಲ ಕೇಳಿದ್ದೀರಿ, ನಾನೇ ಕೊಟ್ಟಿದ್ದೇನೆ. ಇವತ್ತಿನ ಕಥೆ ಬೇರೆ. ಇದರಲ್ಲಿ ಬಲೆ ಕೊನೆಯವರೆಗೂ ತುಂಬಲ್ಲ. ಸಿಕ್ಕಿದ್ದು ಎರಡು ಮೀನು, ಎರಡೂ ಸೇರಿ ಮೂರು ಔನ್ಸ್ ಇರಬಹುದು, ಅಂದರೆ ಸುಮಾರು 85 ಗ್ರಾಂ. ಅವೆರಡನ್ನು ನಾನು ಏನು ಮಾಡಿದೆ ಅನ್ನೋದು ಇಷ್ಟು ವರ್ಷ ಆದಮೇಲೂ ನನ್ನನ್ನು ಚುಚ್ಚುತ್ತದೆ.

ಸೇವೆಗೆ ಬರುವ ಮೊದಲು ನಾನು ಎಂಜಿನಿಯರ್ ಆಗಿದ್ದೆ, ನಿಮಗೆ ಗೊತ್ತು. ಕಂಪನಿ ಎರಡು ವರ್ಷ ಇಂಗ್ಲೆಂಡಿನ ಡರ್ಬಿ ಕಡೆಗೆ ಕಳಿಸಿತ್ತು. ಅಲ್ಲಿ ಜೊತೆಯಲ್ಲಿ ಕೆಲಸ ಮಾಡುವವರು ನನ್ನನ್ನು ಕೋರ್ಸ್ ಫಿಶಿಂಗಿಗೆ ಎಳೆದುಕೊಂಡು ಹೋದರು. ಇದು ನಿಮ್ಮ ಕಾಲೇಜಿನ ಕೋರ್ಸ್ ಅಲ್ಲ, ಒರಟು, ಸಾಧಾರಣ ಅನ್ನೋ ಅರ್ಥದ ಶಬ್ದ. ಸಾಲ್ಮನ್, ಟ್ರೌಟ್ ಅಂದರೆ ಅಲ್ಲಿ ಗೇಮ್ ಫಿಶ್, ದೊಡ್ಡವರ ಮೀನು. ಉಳಿದ ಸಿಹಿನೀರಿನ ಮೀನೆಲ್ಲ, ರೋಚ್, ಪರ್ಚ್, ಬ್ರೀಮ್, ಗಜನ್, ಇವೆಲ್ಲ ಕೋರ್ಸ್. ಕಾರ್ಖಾನೆಯ ಜನ ಹಿಡಿಯುವ ಮೀನು. ಹಿಡಿದದ್ದನ್ನು ತಿನ್ನೋದಿಲ್ಲ. ನೀರಿನಲ್ಲೇ ಮುಳುಗಿಸಿಟ್ಟ ಉದ್ದನೆಯ ಕೀಪ್‌ನೆಟ್‌ನಲ್ಲಿ ಜೀವಂತ ಇಟ್ಟು, ಕೊನೆಗೆ ತೂಕ ಮಾಡಿ ವಾಪಸ್ ಬಿಡ್ತಾರೆ. ನಮ್ಮಮ್ಮ ಕುಂದಾಪುರದವರು. ಫೋನಲ್ಲಿ ಇದನ್ನು ಹೇಳಿದಾಗ, ‘ಬೇಯಿಸೋದಿಲ್ಲ ಅಂದ್ರೆ ಅದನ್ನ ಯಾಕೆ ಹಿಡೀತೀರಾ, ಅದಕ್ಕೂ ಕಷ್ಟ, ನಿಮಗೂ ಕಷ್ಟ’ ಅಂದರು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಒಳ್ಳೆಯ ಉತ್ತರ ಇಲ್ಲ.

ಸ್ಪರ್ಧೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳಬೇಕು. ದಡದ ಉದ್ದಕ್ಕೂ ನಂಬರ್ ಹಾಕಿದ ಜಾಗಗಳಿರುತ್ತವೆ, ಪೆಗ್ ಅಂತಾರೆ. ಬೆಳಿಗ್ಗೆ ಒಂದು ಚೀಲದಲ್ಲಿ ಕೈ ಹಾಕಿ ಚೀಟಿ ಎತ್ತಬೇಕು. ಬಂದ ನಂಬರೇ ನಿಮ್ಮ ಜಾಗ, ಐದು ಗಂಟೆ ಅಲ್ಲೇ ಕೂರಬೇಕು, ಬೇರೆ ಕಡೆ ಹೋಗುವ ಹಾಗಿಲ್ಲ. ನಮ್ಮ ಲೀಗಿನಲ್ಲಿ ಹತ್ತು ಜನರಿಗೆ ಒಂದು ಸೆಕ್ಷನ್. ಮೊದಲು ಬಂದವನಿಗೆ 10 ಪಾಯಿಂಟ್, ಎರಡನೆಯವನಿಗೆ 9, ಹೀಗೆ ಇಳಿಯುತ್ತಾ ಹೋಗುತ್ತೆ. ಏನೂ ತೂಗದವನಿಗೆ ಸೊನ್ನೆ. ಟೀಮಿನಲ್ಲಿ ಆರು ಜನ, ಒಬ್ಬೊಬ್ಬರು ಒಂದೊಂದು ಸೆಕ್ಷನ್‌ನಲ್ಲಿ. ಆರೂ ಜನರ ಪಾಯಿಂಟ್ ಕೂಡಿಸಿದರೆ ಟೀಮಿನ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. (ಅಲ್ಲಿ ಇಂಥ ಪಂದ್ಯಗಳು ಹೆಚ್ಚಾಗಿ ಭಾನುವಾರ. ನಮ್ಮದು ಶನಿವಾರದ ಲೀಗ್, ಆದ್ದರಿಂದಲೇ ನಾನು ಸೇರಿದ್ದು. ಕ್ರಿಕೆಟ್‌ಗೋಸ್ಕರ ಆರಾಧನೆ ತಪ್ಪಿಸುವವರು ಯಾರಂತ ನನಗೆ ಗೊತ್ತಿದೆ, ಆದರೆ ಅದು ಇವತ್ತಿನ ವಿಷಯ ಅಲ್ಲ.)

ಜನವರಿ ತಿಂಗಳು. ಜಾಗ ಎರೆವಾಶ್ ಕಾಲುವೆ. ಕಲ್ಲಿದ್ದಲು ಸಾಗಿಸಲು ತೋಡಿದ್ದು, 1779ರಲ್ಲಿ ಶುರುವಾಗಿದ್ದು. ದಡದ ಹತ್ತಿರ ನೀರು ಹೆಪ್ಪುಗಟ್ಟಿತ್ತು. ಹಗ್ಗಕ್ಕೆ ಕಟ್ಟಿದ ಭಾರ ಎಸೆದು ಐಸ್ ಒಡೆದುಕೊಂಡು ಕೂರಬೇಕಾಯಿತು. ಚಳಿಗಾಲದಲ್ಲಿ ಮೀನಿನ ಮೈಯೂ ನೀರಿನಷ್ಟೇ ತಣ್ಣಗಾಗುತ್ತೆ, ಜೀರ್ಣಶಕ್ತಿ ನಿಧಾನ ಆಗುತ್ತೆ, ಹಸಿವೇ ಇರಲ್ಲ. ಜೊತೆಗೆ ದೋಣಿಗಳ ಓಡಾಟ ಕಡಿಮೆ, ಕೆಸರು ಏಳಲ್ಲ, ನೀರು ಗಾಜಿನ ಹಾಗೆ ತಿಳಿ. ಆ ತಿಳಿನೀರಲ್ಲಿ ಮೀನು ಹೆದರಿ, ಗುಂಪಾಗಿ ಎಲ್ಲೋ ಒಂದು ಮರೆಯಲ್ಲಿ ಸೇರಿಬಿಡುತ್ತೆ. ಸೇತುವೆ ಕೆಳಗೆ, ಕಟ್ಟಿಹಾಕಿದ ದೋಣಿಗಳ ಅಡಿ. ಅಂಥ ಪೆಗ್ ಸಿಕ್ಕವನಿಗೆ ಹಬ್ಬ. ನನ್ನ ಕೈಗೆ ಬಂದದ್ದು ಬಟ್ಟಬಯಲಿನ ನಡುವಿನ ಪೆಗ್. ಒಂದು ಪೊದೆ ಕೂಡ ಇಲ್ಲ.

ಹತ್ತು ಗಂಟೆಗೆ ವಿಸಿಲ್ ಆಯಿತು. ಹತ್ತು ಮೀಟರ್‌ಗೂ ಉದ್ದದ ಕಾರ್ಬನ್ ಕೋಲು, ಕೂದಲಿನಂಥ ದಾರ, ಅಕ್ಕಿ ಕಾಳಿಗಿಂತ ಸಣ್ಣ ಕೊಕ್ಕೆ, ಅದಕ್ಕೆ ಒಂದೇ ಒಂದು ಹುಳು. ನಾನು ಮಾಡಿದ ತಪ್ಪು ಮೊದಲ ಹತ್ತು ನಿಮಿಷದಲ್ಲೇ ಆಯಿತು. ಮೀನು ಬೇಗ ಬರಲಿ ಅಂತ ಒಂದು ಹಿಡಿ ಹುಳು ನೀರಿಗೆ ಎಸೆದೆ. ಚಳಿಗಾಲದಲ್ಲಿ ಚಿಟಿಕೆಯಷ್ಟು ಹಾಕಬೇಕು. ಹಾಕಿದ್ದನ್ನು ವಾಪಸ್ ತೆಗೆಯೋಕಾಗಲ್ಲ, ಇದ್ದ ನಾಲ್ಕು ಮೀನಿಗೆ ಅದರಲ್ಲೇ ಹೊಟ್ಟೆ ತುಂಬಿಬಿಡುತ್ತೆ. ಆಮೇಲೆ ಎರಡೂವರೆ ಗಂಟೆ ಫ್ಲೋಟ್ ಅಲುಗಲಿಲ್ಲ. ಕಾಲುಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಹನ್ನೆರಡೂವರೆಗೆ ಒಂದು ರೋಚ್. ಎರಡು ಗಂಟೆ ದಾಟಿದ ಮೇಲೆ ಒಂದು ಪರ್ಚ್, ಮೈಮೇಲೆ ಪಟ್ಟೆ, ಕೆಂಪು ರೆಕ್ಕೆ, ನನ್ನ ಬೆರಳಿನಷ್ಟು ಉದ್ದ. ಅಷ್ಟೇ.

ಮೂರಕ್ಕೆ ವಿಸಿಲ್. ತಕ್ಕಡಿ ಹಿಡಿದವರು ದೂರದ ತುದಿಯಿಂದ ಬರ್ತಾ ಇದ್ದರು, ಹಿಂದೆ ಐದಾರು ಜನ ನೋಡುವವರು. ದೋಣಿಗಳ ಪಕ್ಕದ ಪೆಗ್‌ನವನು ನಾಲ್ಕು ಪೌಂಡ್ ತೂಗಿದ್ದು ಕೇಳಿಸಿತು, ಚಪ್ಪಾಳೆ ತಟ್ಟಿದರು. ನಾನು ನನ್ನ ನೆಟ್ ನೋಡಿದೆ. ಅಷ್ಟುದ್ದದ ನೆಟ್, ತಳದಲ್ಲಿ ಎರಡು ಮೀನು. ಇದನ್ನು ಇಷ್ಟು ಜನರ ಮುಂದೆ ಎತ್ತಿ ತೋರಿಸೋದಾ? ಅಲ್ಲಿದ್ದ ಒಬ್ಬನೇ ಇಂಡಿಯನ್ ಬೇರೆ. ಅವರು ಹತ್ತಿರ ಬರುವ ಮೊದಲೇ ನೆಟ್ ಓರೆ ಮಾಡಿ ಎರಡನ್ನೂ ನೀರಿಗೆ ಬಿಟ್ಟೆ. ತಕ್ಕಡಿಯವನು ಬಂದು ಕೇಳಿದ, ಏನಾದರೂ ಇದೆಯಾ? ನಾನು ಏನೂ ಇಲ್ಲ ಅಂದೆ. ಅವನು ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಗೆರೆ ಎಳೆದು ಮುಂದೆ ಹೋದ.

ಸುಳ್ಳು ಹೇಳಿದೆನಾ? ಆ ಕ್ಷಣದಲ್ಲಿ ನೆಟ್ ನಿಜವಾಗಿಯೂ ಖಾಲಿ ಇತ್ತು. ಕೋರ್ಟಿನಲ್ಲಿ ನಿಂತರೆ ಗೆಲ್ತೀನಿ. ಎಷ್ಟೋ ಜನ ಹೀಗೆ ಮಾಡ್ತಾರೆ ಕೂಡ, ನಿಯಮಕ್ಕೆ ವಿರುದ್ಧ ಏನಲ್ಲ. ಮೀನು ನಂದು, ಅವಮಾನ ನಂದು, ಇನ್ನೊಬ್ಬರಿಗೆ ಏನು ನಷ್ಟ?

ನಷ್ಟ ಎಷ್ಟು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಕಾರ್ ಪಾರ್ಕಿನಲ್ಲಿ ಫಲಿತಾಂಶ ಓದಿದರು. ನನ್ನ ಸೆಕ್ಷನ್‌ನಲ್ಲಿ ಇನ್ನಿಬ್ಬರಿಗೆ ಏನೂ ಸಿಕ್ಕಿರಲಿಲ್ಲ. ಬೇರೆ ಟೀಮಿನ ಒಬ್ಬ ಮುದುಕ ಒಂದೇ ಒಂದು ಗಜನ್ ತೂಗಿಸಿದ್ದ, ಒಂದು ಔನ್ಸ್, ನಗುತ್ತಾ. ಎರಡು ಮೀನು ತೂಗಿಸಿದ್ದರೆ ನಾನು ಏಳನೆಯವನು, ನಾಲ್ಕು ಪಾಯಿಂಟ್. ನಮ್ಮ ಟೀಮು ಸೋತದ್ದು ಮೂರು ಪಾಯಿಂಟಿನಲ್ಲಿ. ಕ್ಯಾಪ್ಟನ್ ನಿವೃತ್ತ ಫಿಟ್ಟರ್, ಹೆಚ್ಚು ಮಾತಾಡುವವರಲ್ಲ. ಒಂದೂ ಸಿಗಲಿಲ್ವಾ ಅಂತ ಕೇಳಿದರು. ಎರಡು ಸಿಕ್ಕಿತ್ತು, ಬಿಟ್ಟುಬಿಟ್ಟೆ ಅಂದೆ. ಅವರು ಹಾಳೆಯನ್ನು ಇನ್ನೊಮ್ಮೆ ನೋಡಿದರು. ಅಷ್ಟು ಸಾಕಿತ್ತು ಅಂದರು. ಆಮೇಲೆ ಫ್ಲಾಸ್ಕ್ ತೆಗೆದು ನನಗೂ ಟೀ ಹಾಕಿಕೊಟ್ಟರು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಪೆಗ್ ಕೆಟ್ಟದು ಅಂತ ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಇದೇ ಪ್ರಶ್ನೆ ಮೇಲೆ 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ವಜ್ಞಾನಿಗಳು ಒಂದೊಂದು ಪ್ರಬಂಧ ಬರೆದರು. ಮಾರಲ್ ಲಕ್ ಅಂತ ಅದಕ್ಕೆ ಹೆಸರು. ಇಬ್ಬರು ಡ್ರೈವರ್‌ಗಳು ಒಂದೇ ರೀತಿ ಅಜಾಗರೂಕರು ಅಂದುಕೊಳ್ಳಿ. ಒಬ್ಬನ ಗಾಡಿಗೆ ಮಗು ಅಡ್ಡ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಜಗತ್ತು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾ? ಇಲ್ಲ. ಕೈಯಲ್ಲಿಲ್ಲದ ಸಂಗತಿಗೂ ನಮ್ಮನ್ನು ತೂಗುತ್ತಾರೆ. ನಿಮಗೆ ಇದು ಚೆನ್ನಾಗಿ ಗೊತ್ತು. ಯಾವ ಪ್ರಾಜೆಕ್ಟಿಗೆ ಹಾಕಿದರು, ಯಾವ ಮ್ಯಾನೇಜರ್ ಸಿಕ್ಕಿದ, ಯಾವ ಮನೆಯಲ್ಲಿ ಹುಟ್ಟಿದಿರಿ, ಎಲ್ಲಾ ಆ ಚೀಲದ ಚೀಟಿ. ಅಪ್ರೈಸಲ್ ಬಂದಾಗ ಚೀಟಿಯ ಹೆಸರು ಯಾರೂ ಎತ್ತಲ್ಲ.

ಆದರೆ ಸ್ವಲ್ಪ ತಾಳಿ. ನನ್ನ ಬಲಗಡೆ ಕೂತವನದೂ ಅದೇ ಬಟ್ಟಬಯಲು. ಅವನು 12 ಔನ್ಸ್ ತೂಗಿದ. ಚಿಟಿಕೆ ಚಿಟಿಕೆಯಾಗಿ ಹುಳು ಹಾಕಿದ್ದ, ಅಷ್ಟೇ ವ್ಯತ್ಯಾಸ. ಅಂದರೆ ಅರ್ಧ ಚೀಟಿ, ಅರ್ಧ ನಾನು. ಇನ್ನು ನೆಟ್ ಓರೆ ಮಾಡಿದ್ದರಲ್ಲಿ ಚೀಟಿಯ ಪಾಲು ಸ್ವಲ್ಪವೂ ಇಲ್ಲ. ಅದು ಪೂರ್ತಿ ನನ್ನ ಕೈ ಮಾಡಿದ ಕೆಲಸ. ಬಹಳ ದಿನ ಅದನ್ನು ನಾನು ದೀನತೆ ಅಂತ ಕರೆದೆ. ನಂದೇನು ಮಹಾ, ಎರಡು ಪುಟ್ಟ ಮೀನು, ಯಾಕೆ ತೋರಿಸಬೇಕು ಅಂತ. ದೀನತೆ ಇದ್ದದ್ದು ಆ ಗಜನ್ ಮುದುಕನಲ್ಲಿ. ನನ್ನಲ್ಲಿ ಇದ್ದದ್ದು, ನಾಲ್ಕು ಪೌಂಡ್ ಆದರೆ ಮಾತ್ರ ಎತ್ತಿ ತೋರಿಸ್ತೀನಿ ಅನ್ನೋ ಹೆಮ್ಮೆ.

ಯೋಹಾನ 21 ನೋಡಿ. ತಿಬೇರಿಯ ಸಮುದ್ರದಲ್ಲಿ ಏಳು ಜನ ಶಿಷ್ಯರು, ರಾತ್ರಿಯೆಲ್ಲಾ ಏನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ನಿಂತವನು, ಯಾರಂತ ಅವರಿಗೆ ಗೊತ್ತಿಲ್ಲ, ಮೀನು ಇದೆಯಾ ಅಂತ ಕೇಳ್ತಾನೆ. ಅವರು ಇಲ್ಲ ಅಂತಾರೆ. ನಾವು 153 ಮೀನಿನ ಕಡೆ ಓಡಿಬಿಡ್ತೀವಿ, ಈ ಉತ್ತರ ದಾಟಿಹೋಗುತ್ತೆ. ತಕ್ಕಡಿಯವನು ನನ್ನನ್ನು ಕೇಳಿದ್ದೂ ಅದೇ ಪ್ರಶ್ನೆ, ನಾನು ಕೊಟ್ಟದ್ದೂ ಅದೇ ಉತ್ತರ. ಅವರ ಇಲ್ಲ ಅನ್ನೋದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಗೊತ್ತಿಲ್ಲದ ಮನುಷ್ಯನ ಮುಂದೆ, ವೃತ್ತಿಯಲ್ಲೇ ಬೆಸ್ತರಾದವರು, ಖಾಲಿ ದೋಣಿ ತೋರಿಸಿದರು.

ನಾನು ತೂಗಿಸಿದ್ದರೆ ಅದ್ಭುತ ಆಗ್ತಿತ್ತು ಅಂತ ಹೇಳ್ತಿಲ್ಲ. ನಾಲ್ಕು ಪಾಯಿಂಟ್ ಬರ್ತಿತ್ತು. ಆದರೆ ಇಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ನಿಮ್ಮನ್ನು ನೋಡುವಾಗ ಆ ನೆಟ್ ನನಗೆ ನೆನಪಾಗುತ್ತೆ. ದೊಡ್ಡ ಕಾಯಿಲೆ ಗುಣವಾದವರು ಮೈಕ್ ಹಿಡೀತಾರೆ, ವೀಸಾ ಸಿಕ್ಕವರು ಹಿಡೀತಾರೆ. ಈ ವಾರ ಅಮ್ಮನ ಮೇಲೆ ಕೂಗಾಡಲಿಲ್ಲ ಅನ್ನೋ ಹುಡುಗ ತಲೆ ಬಗ್ಗಿಸಿ ಕೂತಿರ್ತಾನೆ. ಹದಿನೈದು ದಿನ ಆ ಆ್ಯಪ್ ತೆರೆಯಲಿಲ್ಲ ಅನ್ನೋ ಹುಡುಗಿ ಮೊಬೈಲ್ ನೋಡ್ತಾ ಇರ್ತಾಳೆ. ಹಿಂದಿನ ಸಾಲಿನಲ್ಲಿ ಈ ವಾರ ಏನೂ ಸಿಗದವನು ಒಬ್ಬ ಕೂತಿದ್ದಾನೆ, ಬರೀ ನಾಲ್ಕು ಪೌಂಡಿನ ಕಥೆ ಕೇಳಿಕೊಂಡು ಮನೆಗೆ ಹೋಗ್ತಾನೆ. ಒಂದು ಔನ್ಸಿನ ಕಥೆ ಅವನಿಗೆ ಬೇಕಾಗಿತ್ತೇನೋ.

ಎರಡು ವಾರ ಬಿಟ್ಟು ಮತ್ತೆ ಪಂದ್ಯ, ಅದೇ ಕಾಲುವೆ, ಅದೇ ಚಳಿ. ಈ ಸಲ ಚಿಟಿಕೆಯಷ್ಟೇ ಹಾಕಿದೆ. ಆದರೂ ಒಂದೇ ಪರ್ಚ್ ಸಿಕ್ಕಿತು, ಹಿಂದಿನದಕ್ಕಿಂತ ಸಣ್ಣದು. ತಕ್ಕಡಿಯವನು ಬಂದಾಗ ನೆಟ್ ಎತ್ತಿ ಕೊಟ್ಟೆ. ಮುಳ್ಳು ಅಲುಗಿತೋ ಇಲ್ಲವೋ ಅಂತ ಅವನು ಬಗ್ಗಿ ನೋಡಿದ. ಹಿಂದಿದ್ದವರಲ್ಲಿ ಯಾರೋ ನಕ್ಕರು, ನನಗೂ ನಗು ಬಂತು. ಒಂದು ಔನ್ಸ್ ಅಂತ ಬರೆದುಕೊಂಡು, ಹೆಸರಿನ ಸ್ಪೆಲಿಂಗ್ ಹೇಳಿ ಅಂದ. ಹೇಳಿದೆ. ಆದರೂ ತಪ್ಪಾಗಿಯೇ ಬರೆದ.