ಭೇದದ ತರ್ಕ, ಭಕ್ತಿಯ ಕರೆ

ಭಕ್ತಿಕಾವ್ಯಕ್ಕೂ ಅದರ ಹಿಂದಿರುವ ದರ್ಶನಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆಗೆ, ಶಾಸ್ತ್ರವು ಪಂಡಿತರಿಗೆ ಸಂಸ್ಕೃತದಲ್ಲಿ ಹೇಳಿದ್ದನ್ನು ಹಾಡು ಜನರಿಗೆ ಕನ್ನಡದಲ್ಲಿ ತಿಳಿಯಾಗಿಸಿತು ಎಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ವೃಂದಾವನಸ್ಥರಾದರೆಂದು ಉತ್ತರಾದಿಮಠದ ಸಂಪ್ರದಾಯ ನಂಬುವ ಜಯತೀರ್ಥರಿಂದ, ಕನ್ನಡದಲ್ಲಿ ಹರಿಯನ್ನು ಹಾಡಿದ ಹರಿದಾಸರವರೆಗಿನ ದಾರಿಯನ್ನು ಗಮನಿಸಿದರೆ, ದ್ವೈತದ ಭೇದತತ್ತ್ವವು ಹಾಡಿಗೆ ವಸ್ತುವಾಗುವುದಕ್ಕಿಂತ ಮೊದಲು ಅದರ ಮಾತಿನ ರೀತಿಗೇ ನೆಲೆಯಾಯಿತೆಂದು ಹೇಳಬೇಕಾಗುತ್ತದೆ.

ಮಳಖೇಡವಿರುವ ಕಾಗಿಣಾ ನದಿಯ ಈ ಸೀಮೆ ವಿದ್ಯೆಗೆ ಹೊಸದಲ್ಲ. 9ನೆಯ ಶತಮಾನದಲ್ಲಿ ಮಳಖೇಡದ ರಾಷ್ಟ್ರಕೂಟ ಆಸ್ಥಾನದಿಂದ 'ಕವಿರಾಜಮಾರ್ಗ' ಹೊರಬಂದಿತು. 11ನೆಯ ಶತಮಾನದಲ್ಲಿ ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನವು, ಎಂದರೆ ಉನ್ನತ ವಿದ್ಯಾಕೇಂದ್ರವು, ವೇದಶಾಸ್ತ್ರಗಳ ಅಧ್ಯಾಪಕರೊಂದಿಗೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗಳನ್ನೂ ಹೊಂದಿತ್ತು. 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದ ಕೆಲವೇ ದಶಕಗಳಲ್ಲಿ, 1365ರಿಂದ 1388ರವರೆಗೆ ಪೀಠದಲ್ಲಿದ್ದರೆನ್ನಲಾದ ಜಯತೀರ್ಥರು ದ್ವೈತದ ಪ್ರವರ್ತಕರಾದ ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು, ಅಂದರೆ ವಿವರಣ ಗ್ರಂಥಗಳನ್ನು ಬರೆದು ಟೀಕಾರಾಯರೆನಿಸಿಕೊಂಡರು. ಮಧ್ವರ 'ಅನುವ್ಯಾಖ್ಯಾನ'ದ ಮೇಲಿನ 'ನ್ಯಾಯಸುಧಾ' ಅವುಗಳಲ್ಲಿ ಶಿಖರಪ್ರಾಯವಾದುದು.

ಈ ದರ್ಶನದ ತಿರುಳು ಪಂಚಭೇದ: ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ, ಜೀವಜೀವಗಳಿಗೂ, ಜಡಜಡಗಳಿಗೂ ಇರುವ ಭೇದ ಭ್ರಮೆಯಲ್ಲ, ಸತ್ಯ. ಹರಿದಾಸರ ಪದವಾದರೋ ಬಹುಮಟ್ಟಿಗೆ ಸಂಬೋಧನೆಯೇ ಆಗಿದ್ದು, ಪಲ್ಲವಿಯಲ್ಲಿ ಎತ್ತಿದ ಕರೆ ಪ್ರತಿ ಚರಣದ ಕೊನೆಗೂ ಮರಳುತ್ತದೆ, ಕವಿ ತನ್ನ ಹೆಸರಿನ ಬದಲು ಇಡುವ ದೇವರ ಹೆಸರಾದ ಅಂಕಿತದಲ್ಲಿ ಹಾಡು ಮುಗಿಯುತ್ತದೆ. ಬೇಡುವುದಕ್ಕೂ, ಮುನಿಯುವುದಕ್ಕೂ, ಬೈಯುತ್ತಲೇ ಹೊಗಳುವ ನಿಂದಾಸ್ತುತಿಗೂ ಇಬ್ಬರು ಬೇಕು; ಆ ಇಬ್ಬರನ್ನು ಇಬ್ಬರಾಗಿ ಉಳಿಸುವುದು ಈ ಭೇದವೇ.

ಇದಕ್ಕೆ ಆಕ್ಷೇಪವೂ ಇದೆ. ದೇವರೊಡನೆ ಒಂದಾಗುವುದೇ ಗುರಿಯೆಂದ ವಚನಕಾರ ಶರಣರೂ ಅಂಕಿತವಿಟ್ಟು ದೇವರನ್ನು ಕರೆದಿದ್ದಾರೆ; ಈ ಸೀಮೆಗೆ ದೂರವಲ್ಲದ ಜೇವರ್ಗಿಯ ಷಣ್ಮುಖ ಸ್ವಾಮಿಗಳ ವಚನಗಳಲ್ಲಿ ಆ ಕರೆ 17ನೆಯ ಶತಮಾನದಲ್ಲೂ ಕೇಳಿಸುತ್ತದೆ. ಆದ್ದರಿಂದ ಸಂಬೋಧನೆ ದ್ವೈತದ ಸ್ವತ್ತಲ್ಲ. ವ್ಯತ್ಯಾಸವಿರುವುದು ಕರೆ ಎಲ್ಲಿಗೆ ಮುಟ್ಟುತ್ತದೆ ಎಂಬುದರಲ್ಲಿ: ಶರಣರ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದ ಕೊನೆಯ ಮೆಟ್ಟಿಲಾದ ಐಕ್ಯದಲ್ಲಿ ಕರೆಯುವವನೇ ಉಳಿಯುವುದಿಲ್ಲ, ಮಧ್ವಮತದಲ್ಲಿ ಮುಕ್ತಿಯಲ್ಲೂ ಜೀವ ಬೇರೆಯಾಗಿಯೇ ಉಳಿದು, ತನ್ನ ಯೋಗ್ಯತೆಗೆ ತಕ್ಕಷ್ಟು ಆನಂದವನ್ನು ತುಂಬಿಕೊಳ್ಳುತ್ತದೆ. ಇದು ಆನಂದತಾರತಮ್ಯ, ತಂಬಿಗೆಯೂ ಕೊಡವೂ ತುಂಬಿರುವಾಗ ಎರಡರಲ್ಲೂ ಕೊರತೆಯಿಲ್ಲದಿರುವಂತೆ. ಜಯತೀರ್ಥರಿಗಿಂತ ಕೆಲವು ದಶಕ ಹಿಂದಿನ ಇಟಲಿಯ ಕವಿ ಡಾಂಟೆಯೂ (1265–1321) ತನ್ನ ಮಹಾಕಾವ್ಯದ ಸ್ವರ್ಗಕಾಂಡದಲ್ಲಿ ಇಂಥ ತಾರತಮ್ಯದ ಬಗ್ಗೆಯೇ ಕೇಳುತ್ತಾನೆ: ಅಲ್ಲಿ ಕೆಳಗಿನ ಮಂಡಲದಲ್ಲಿರುವ ಪಿಕಾರ್ಡಾ ಎಂಬ ಆತ್ಮ, ಇನ್ನೂ ಮೇಲಿನ ಸ್ಥಾನದ ಆಸೆಯಿಲ್ಲವೇ ಎಂಬ ಪ್ರಶ್ನೆಗೆ, ತನಗೆ ದೊರೆತುದರಲ್ಲೇ ಪೂರ್ಣ ತೃಪ್ತಿಯಿದೆಯೆಂದು ನಗುತ್ತ ಉತ್ತರಿಸುತ್ತದೆ. ಎರಡು ಕಡೆಯೂ ಭೇದವು ಅಸೂಯೆಗೆ ಕಾರಣವಾಗದೆ ಸಂಬಂಧಕ್ಕೆ ಆಧಾರವಾಗುತ್ತದೆ.

ತರ್ಕ ಮತ್ತು ಹಾಡು ಒಂದೇ ಕೈಯಲ್ಲಿ ಕೂಡಿದುದಕ್ಕೆ ಮುಳಬಾಗಿಲಿನ ಶ್ರೀಪಾದರಾಜರು ಸಾಕ್ಷಿ. 15ನೆಯ ಶತಮಾನದ ಈ ಯತಿಗಳು 'ನ್ಯಾಯಸುಧಾ'ಕ್ಕೆ 'ವಾಗ್ವಜ್ರ'ವೆಂಬ ಸಂಸ್ಕೃತ ವ್ಯಾಖ್ಯಾನ ಬರೆದರು, ಕನ್ನಡದಲ್ಲಿ 'ಭ್ರಮರಗೀತೆ'ಯನ್ನೂ ಹಾಡಿದರು. ಭಾಗವತದ ಆ ಪ್ರಸಂಗದಲ್ಲಿ ಕೃಷ್ಣ ಮಥುರೆಗೆ ಹೋಗಿದ್ದಾನೆ, ಅವನ ದೂತನಾಗಿ ಉದ್ಧವ ಬಂದಿದ್ದಾನೆ, ಗೋಪಿಯರ ದೂರು ಮಾತ್ರ ಎದುರಿಗೆ ಹಾರಾಡುವ ದುಂಬಿಯ ಮೇಲೆ ಸುರಿಯುತ್ತದೆ. ಟೀಕೆಯಲ್ಲಿ ಪ್ರಮಾಣಗಳಿಂದ ಸಾಧಿಸಬೇಕಾದ ಭೇದ ಇಲ್ಲಿ ವಿರಹವಾಗಿದೆ. ಅದಕ್ಕೆ ಪ್ರಮಾಣ ಬೇಕಿಲ್ಲ.

ಆಷಾಢ ಬಹುಳ ಪಂಚಮಿಯ ಟೀಕಾರಾಯರ ಆರಾಧನೆಯಲ್ಲಿ 'ನ್ಯಾಯಸುಧಾ'ದ ಪ್ರವಚನಕ್ಕೂ ದಾಸರ ಪದಗಳಿಗೂ ಎಡೆಯಿರುವುದನ್ನು, ಪಂಡಿತರಿಗೊಂದು ಪಾಮರರಿಗೊಂದು ಎಂಬ ಹಂಚಿಕೆಯಾಗಿ ಕಾಣಬೇಕಿಲ್ಲ. ಜೀವೇಶ್ವರರು ಬೇರೆಯೆಂದು ಪ್ರವಚನ ಸಾಧಿಸಿ ಮುಗಿಸಿದ ಮೇಲೆ, ಹಾಗೆ ಬೇರೆಯಾದವರು ಪರಸ್ಪರ ಏನು ಮಾತಾಡಬಹುದೆಂಬ ಪ್ರಶ್ನೆ ಉಳಿಯುತ್ತದೆ; ಪದವು ಅಲ್ಲಿಂದ ಆರಂಭವಾಗುತ್ತದೆ.