ಗುಜರಿಗೆ ಹೋದ ಮೋಟಾರು

ಮನೆಯ ಹಳೆಯ ಸಾಮಾನುಗಳಿಗೆ ತೀರ್ಪು ಹೇಳುವ ಕೆಲಸ ಹೆಚ್ಚಾಗಿ ನಮ್ಮ ಹೆಂಗಸರ ಪಾಲಿಗೇ ಬರುತ್ತದೆ. ಹಬ್ಬಕ್ಕೆ ಮುಂಚೆ, ಸುಣ್ಣ ಬಣ್ಣಕ್ಕೆ ಮುಂಚೆ, ಮದುವೆ ಮುಂಜಿಗೆ ಮುಂಚೆ ಅಟ್ಟದಿಂದ ಎಲ್ಲವನ್ನೂ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ಇದು ಇರಲಿ, ಇದು ಹೋಗಲಿ" ಎನ್ನುವವರು ನಾವೇ. ಹೀಗೆ ನಾನು ಕೊಟ್ಟ ತೀರ್ಪುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ.

ನಾನು ಹುಟ್ಟಿದ್ದು ಗಂಗೊಳ್ಳಿಯ ಹತ್ತಿರ, ಐದು ಹೊಳೆಗಳು ಕೂಡಿ ಕಡಲು ಸೇರುವ ಕಡೆ. ಅಪ್ಪಯ್ಯನದು ನಾಡದೋಣಿ. 1987ರಲ್ಲಿ ಸಾಲ ಮಾಡಿ ಅದಕ್ಕೊಂದು ಜಪಾನಿನ ಮೋಟಾರು ತಂದರು, ಎಂಟು ಹೆಚ್.ಪಿ.ಯದು. ದೋಣಿಯ ಹಿಂಬದಿಯ ಹಲಗೆಗೆ ತಿರುಪು ಬಿಗಿದು ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರು ಅದು. ಇಂಜಿನ್ನು ಮೇಲೆ, ನೀರೊಳಗೆ ತಿರುಗುವ ಫ್ಯಾನು ಕೆಳಗೆ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಅಳಿವೆಯ ಕಡೆಯಿಂದ ಅದರ ಸದ್ದು ಕೇಳಿದರೆ ಸಾಕು, ಅಮ್ಮ ಅನ್ನಕ್ಕೆ ನೀರಿಡುತ್ತಿದ್ದಳು. ಹತ್ತು ದೋಣಿಗಳ ಸದ್ದಿನಲ್ಲಿ ನಮ್ಮದು ಯಾವುದೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ! ನಾನು ಉಡುಪಿಯಲ್ಲಿ ಬಿ.ಎಡ್. ಓದಿದ ಫೀಸು, ಹಾಸ್ಟೆಲಿನ ಖರ್ಚು ಬಂದದ್ದು ಆ ಮೋಟಾರಿನ ದುಡಿಮೆಯಿಂದ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಕುಂಬಳಕಾಯಿ ಒಡೆಯುತ್ತಿದ್ದೆವು.

2003ರ ಹೊತ್ತಿಗೆ ಅಪ್ಪಯ್ಯನ ಮಂಡಿ ಸೋತಿತು. ದೋಣಿಯನ್ನು ಮಾರಿದರು. ಮೋಟಾರನ್ನು ಮಾತ್ರ ಮಾರಲಿಲ್ಲ. ಗೋಣಿ ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದರು. ಮೊದಮೊದಲು ಆಗಾಗ ಗೋಣಿ ಬಿಚ್ಚಿ, ಎಣ್ಣೆ ಬಿಟ್ಟು, ಕೈಯಲ್ಲಿ ಚಕ್ರ ತಿರುಗಿಸಿ ಮತ್ತೆ ಕಟ್ಟುತ್ತಿದ್ದರು. ಆಮೇಲೆ ಅದೂ ನಿಂತಿತು. 2011ರಲ್ಲಿ ಅಣ್ಣ ಮನೆಯ ಹಂಚು ತೆಗೆಸಿ ತಾರಸಿ ಹಾಕಿಸುವಾಗ ಕೊಟ್ಟಿಗೆ ಕೆಡವಬೇಕಾಯಿತು. ರಜೆಯಲ್ಲಿ ನಾನೂ ಹೋಗಿದ್ದೆ. "ಇದೇನು ಮಾಡುವುದು?" ಎಂದು ಅಣ್ಣ ಕೇಳಿದ. "ತುಕ್ಕು ಹಿಡಿದದ್ದನ್ನು ಇಟ್ಟುಕೊಂಡು ಏನು ಮಾಡುತ್ತೀ? ಗುಜರಿಗೆ ಕೊಡು," ಎಂದೆ ನಾನು. ಗುಜರಿಯವನು ತೂಗಿ, ಒಂದೂವರೆ ಸಾವಿರ ರೂಪಾಯಿ ಎಣಿಸಿದ. ಅಪ್ಪಯ್ಯ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಗಾಡಿ ಹೋದ ಮೇಲೆ ಕೇಳಿದ್ದು ಒಂದೇ ಮಾತು:

"ಒಂದ್ಸಲ ಸುರು ಮಾಡಿ ಕಂಡ್ರಿಯಾ?"

ನಾವು ಶುರು ಮಾಡಿ ನೋಡಿರಲಿಲ್ಲ. ಅವರು ಮತ್ತೆ ಆ ಮಾತೆತ್ತಲಿಲ್ಲ. 2013ರಲ್ಲಿ ತೀರಿಕೊಂಡರು.

ಆ ಪ್ರಶ್ನೆಯನ್ನು ನಾನು ಅನೇಕ ಸಲ ನನ್ನ ಜೊತೆಗೇ ವಾದಿಸಿದ್ದೇನೆ. ಯಂತ್ರಕ್ಕೆ ನೋವಿಲ್ಲ. ಅಪ್ಪಯ್ಯ ಮತ್ತೆ ಕಡಲಿಗೆ ಇಳಿಯುವವರಲ್ಲ. ಕೊಟ್ಟಿಗೆ ಕೆಡವಲೇಬೇಕಿತ್ತು. ಹಾಗಾದರೆ ತಪ್ಪಾದದ್ದು ಯಾರಿಗೆ? ಉಪಯೋಗವಿಲ್ಲದ್ದನ್ನು ಉಳಿಸಿಕೊಳ್ಳುವುದು ಮೋಹ ಎಂದು ಹಿರಿಯರೇ ಹೇಳುತ್ತಾರಲ್ಲ. ತರಗತಿಯಲ್ಲಿ ಮಕ್ಕಳಿಗೆ ನಾನೂ ಎಷ್ಟೋ ಸಲ ಹಾಗೆಯೇ ಹೇಳಿದ್ದೇನೆ. ಈ ವಾದಕ್ಕೆ ಸ್ವಲ್ಪ ಬೆಳಕು ಸಿಕ್ಕಿದ್ದು ಬಹಳ ದೂರದ ಒಂದು ಊರಿನಲ್ಲಿ.

2023ರ ಬೇಸಿಗೆಯಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ನನಗೆ ಕಿಟಕಿಯೇ ಗತಿ. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟರ ಅಜ್ಜನೊಬ್ಬ. ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತನಾದವನು. ಒಂದು ದಿನ ಅವನ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಮರದ ಕುದುರೆಗಳ ಮೇಲೆ ಸಾಲಾಗಿ ನಿಂತಿದ್ದವು ದೋಣಿಯ ಮೋಟಾರುಗಳು. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ನಡೆದೇಬಿಟ್ಟೆ. ಸೀರೆ ಉಟ್ಟ ಹೆಂಗಸು ಬಂದು ನನ್ನ ತಂದೆಯೂ ಇಂಥದ್ದೇ ನಡೆಸುತ್ತಿದ್ದರು ಎಂದಾಗ ಅಜ್ಜ ತಬ್ಬಿಬ್ಬಾದ. ಆಮೇಲೆ ಒಂದು ಸ್ಟೂಲು ಕೊಟ್ಟ. ಎರಡು ತಿಂಗಳು ಅದು ನನ್ನ ಸ್ಟೂಲಾಯಿತು.

ಆ ದೇಶದಲ್ಲಿ ಹಳೆಯ ಔಟ್‌ಬೋರ್ಡ್‌ಗಳನ್ನು ದುರಸ್ತಿ ಮಾಡಿ ಓಡಿಸುವುದೇ ಒಂದು ಹವ್ಯಾಸ. 1965ರಲ್ಲೇ ಅವರದೊಂದು ಸಂಘ ಹುಟ್ಟಿದೆಯಂತೆ. ಅಜ್ಜ ಆಗ ಬಿಚ್ಚಿಟ್ಟಿದ್ದು 1955ರ ಎವಿನ್‌ರೂಡ್ ಲೈಟ್‌ವಿನ್ ಎಂಬ ಮೂರು ಹೆಚ್.ಪಿ.ಯ ಪುಟ್ಟ ಮೋಟಾರು. ಯಾರದೋ ಗೋದಾಮಿನಲ್ಲಿ ಮೂವತ್ತು ವರ್ಷ ಬಿದ್ದಿತ್ತು. ಮೊದಲ ದಿನವೇ ಅವನು ಹಗ್ಗ ಎಳೆಯಲಿಲ್ಲ. ಪ್ಲಗ್ಗು ಬಿಚ್ಚಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟ. ಮರುದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದ. ಅಪ್ಪಯ್ಯ ಮಾಡುತ್ತಿದ್ದುದೂ ಅದನ್ನೇ! ಚಕ್ರ ಬಿಚ್ಚುವಾಗ ಸುತ್ತಿಗೆ ಮುಟ್ಟಲಿಲ್ಲ; ಪುಲ್ಲರ್ ಹಾಕಿ ಸ್ವಲ್ಪ ಸ್ವಲ್ಪವಾಗಿ ಬಿಗಿದು ಎಬ್ಬಿಸಿದ. ಅದರಡಿಯ ಕಾಯಿಲ್‌ಗಳ ಮೈ ಬಿರುಕು ಬಿಟ್ಟಿತ್ತು. ಆ ಕಾಲದ ಈ ಮೋಟಾರುಗಳಿಗೆ ಇದು ಸಾಮಾನ್ಯ ಕಾಯಿಲೆಯಂತೆ. ಅವನ್ನು ಬದಲಿಸಿ, ಪಾಯಿಂಟುಗಳನ್ನು ಉಜ್ಜಿ, ನಡುವೆ ಅರ್ಧ ಮಿಲಿಮೀಟರ್ ಸಂದಿ ಬಿಟ್ಟ. ಕಾರ್ಬೊರೇಟರಿನ ಒಳಗಿನ ತೇಲುವ ತುಂಡು ಬಿರಡೆಮರದ್ದು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಮದ್ಯಸಾರಕ್ಕೆ ಅದರ ಹಳೆಯ ವಾರ್ನಿಶ್ ಕರಗುತ್ತದೆ ಎಂದು ತೋರಿಸಿದ. ನೀರೆತ್ತುವ ಪಂಪಿನ ರಬ್ಬರ್ ಗಟ್ಟಿಯಾಗಿ ಮುರಿದಿತ್ತು; ಹೊಸದು ಹಾಕಿದ. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿತ್ತು. ಅಂದರೆ ನೀರು ನುಗ್ಗಿದೆ, ಸೀಲು ಬದಲಿಸಬೇಕು. ಮೇಲಿನ ಬಣ್ಣವನ್ನು ಮಾತ್ರ ಮುಟ್ಟಲಿಲ್ಲ. ಒಂದು ಕಡೆ ಯಾರದೋ ಕೈ ಸದಾ ತಾಗಿ ಬಣ್ಣ ಸವೆದಿತ್ತು. ಅದನ್ನು ಹಾಗೆಯೇ ಬಿಟ್ಟ.

ಒಂದು ಸಂಜೆ ಅವನು ಆ ಮೋಟಾರಿನ ವಂಶದ ಕಥೆ ಹೇಳಿದ. ಓಲೆ ಎವಿನ್‌ರೂಡ್ 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಸ್ಕಾನ್ಸಿನ್‌ಗೆ ಬಂದವನು. ಒಂದು ಬೇಸಿಗೆಯ ದಿನ ಓಕಾಚಿ ಸರೋವರದಲ್ಲಿ ಬೆಸ್ ಎಂಬ ತನ್ನ ಪ್ರಿಯೆಗೆ ಐಸ್‌ಕ್ರೀಮ್ ತರಲು ಹುಟ್ಟು ಹಾಕುತ್ತಾ ಹೋದನಂತೆ. ವಾಪಸು ಬರುವಷ್ಟರಲ್ಲಿ ಐಸ್‌ಕ್ರೀಮ್ ನೀರಾಗಿತ್ತು. ಆಗಲೇ ದೋಣಿಗೊಂದು ಮೋಟಾರು ಬೇಕೆಂದು ಹೊಳೆಯಿತು ಎನ್ನುತ್ತಾರೆ. ಅವನು ಮಾಡಿದ ಮೊದಲ ಮೋಟಾರನ್ನು ಕಂಡು ಬೆಸ್, "ಕಾಫಿ ಬೀಜ ಪುಡಿ ಮಾಡುವ ಗಿರಣಿಯ ಹಾಗಿದೆ" ಎಂದಳಂತೆ. ಆದರೆ 1909ರಲ್ಲಿ ಮಾರಾಟಕ್ಕೆ ಬಂದ ಆ ಗಿರಣಿ, ಒಂದೂವರೆ ಹೆಚ್.ಪಿ., ಸುಮಾರು ಇಪ್ಪತ್ತೆಂಟು ಕಿಲೋ ತೂಕದ್ದು, ಮನೆಮಾತಾಗಲು ಕಾರಣ ಬೆಸ್‌ಳೇ. ಲೆಕ್ಕ, ಪತ್ರ, ಜಾಹೀರಾತು ಎಲ್ಲ ಅವಳ ಕೈಯಲ್ಲಿತ್ತು. ಅವಳ ಆರೋಗ್ಯ ಕೆಟ್ಟಾಗ 1914ರಲ್ಲಿ ಓಲೆ ಕಂಪನಿಯಲ್ಲಿದ್ದ ತನ್ನ ಪಾಲನ್ನೇ ಮಾರಿದ. ಆಮೇಲೆ ಇಬ್ಬರೂ ಸೇರಿ ಇನ್ನೂ ಹಗುರವಾದ ಮೋಟಾರಿನೊಡನೆ ಹೊಸ ಕಂಪನಿ ಕಟ್ಟಿದರು. ಬೆಸ್ 1933ರಲ್ಲಿ, ಓಲೆ ಮರುವರ್ಷ ತೀರಿಕೊಂಡರು. ಆ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತೇಹೋಯಿತು. ಗಂಡನ ಹೆಸರು ಲೋಹದ ಮೇಲೆ ಅಚ್ಚಾಗಿ ಉಳಿಯಿತು, ಬೆಸ್‌ಳ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಬೆಸ್ ಬರೆದ ಜಾಹೀರಾತಿನ ತಾತ್ಪರ್ಯ ಕೇಳಿ ನಾನು ಸುಮ್ಮನಾದೆ. ಹುಟ್ಟು ಹಾಕುವುದು ಸಾಕು, ಹುಟ್ಟುಗಳನ್ನು ಎಸೆದುಬಿಡಿ ಎನ್ನುವುದು ಅದರ ಸಾರ.

ನಮ್ಮ ಮನೆಯಲ್ಲಿ ನಿಜವಾಗಿಯೂ ಹುಟ್ಟುಗಳನ್ನು ಎಸೆದಿದ್ದೆವು. ಮೋಟಾರು ಬಂದ ಮಳೆಗಾಲದಲ್ಲಿ ಅಜ್ಜಯ್ಯನ ಕಾಲದ ಎರಡು ಜೊತೆ ಹುಟ್ಟುಗಳನ್ನು ಅಪ್ಪಯ್ಯ ಕಡಿದು ಬಚ್ಚಲೊಲೆಗೆ ಹಾಕಿದ್ದರು. ಒಣಗಿದ ಮರ, ಚೆನ್ನಾಗಿ ಉರಿಯಿತು. ಅದೇ ಬಿಸಿನೀರಿನಲ್ಲಿ ಅಜ್ಜಯ್ಯನೂ ಮಿಂದರು. ಕೈ ಹಿಡಿಯುವ ಕಡೆ ಆ ಹುಟ್ಟುಗಳು ನುಣುಪಾಗಿ ಹೊಳೆಯುತ್ತಿದ್ದುದು ನನಗೆ ನೆನಪಿದೆ. ಅಜ್ಜಯ್ಯ ಏನಾದರೂ ಹೇಳಿದರೇ? ನೆನಪಿಲ್ಲ. ಹೇಳಿದ್ದರೂ ಆ ಸಂಭ್ರಮದಲ್ಲಿ ನಮಗೆ ಕೇಳುತ್ತಿರಲಿಲ್ಲ.

ಅಂದರೆ ಅಪ್ಪಯ್ಯನೂ ತೀರ್ಪು ಕೊಟ್ಟವರೇ. ಹುಟ್ಟು ಹೋಗಿ ಮೋಟಾರು ಬಂದದ್ದರಿಂದಲೇ ನಾನು ಟೀಚರಾದೆ. ಹಳೆಯದೆಲ್ಲ ಉಳಿಯಲೇಬೇಕು ಎಂದರೆ ನಾನು ಈ ಪ್ರಬಂಧ ಬರೆಯುವಂತಿರಲಿಲ್ಲ. ಹಾಗಿದ್ದರೆ ನನ್ನ ತಪ್ಪು ಗುಜರಿಗೆ ಕೊಟ್ಟದ್ದರಲ್ಲಿ ಇರಲಾರದು.

ಜೂನ್ ಕೊನೆಗೆ ಮೋಟಾರು ಸಿದ್ಧವಾಯಿತು. ಮೊದಲು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಹಗ್ಗ ಎಳೆದ. ನೀರಿಲ್ಲದೆ ಓಡಿಸಿದರೆ ಹೊಸ ಪಂಪು ಸುಟ್ಟುಹೋಗುತ್ತದೆ. ಏಳನೆಯ ಎಳೆತಕ್ಕೆ ಕೆಮ್ಮಿತು, ಎಂಟನೆಯದಕ್ಕೆ ಹಿಡಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದುಕೊಳ್ಳಲಿ ಎಂದು ಸೆರಗು ಹಿಡಿದೆ. ಭಾನುವಾರ ನಮ್ಮನ್ನೆಲ್ಲ ಓಕಾಚಿ ಸರೋವರಕ್ಕೆ ಕರೆದೊಯ್ದು ದೋಣಿ ಹತ್ತಿಸಿದ. ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಹುಟ್ಟು ಕೈಗೆತ್ತಿಕೊಂಡ. ಹೌದು, ದೋಣಿಯಲ್ಲಿ ಹುಟ್ಟೂ ಇತ್ತು.

"ಇಷ್ಟೇ ಏಕೆ?" ಎಂದೆ. ಅವನು ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದಲ್ಲಿ ಹರಡಿದ್ದ ತೆಳು ಎಣ್ಣೆಯ ಪದರ ತೋರಿಸಿದ. ಇಪ್ಪತ್ತನಾಲ್ಕು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಿ ಕುಡಿಸುವ ಈ ಎರಡು ಸ್ಟ್ರೋಕಿನ ಮೋಟಾರುಗಳು, ಕುಡಿದದ್ದರಲ್ಲಿ ಕಾಲು ಪಾಲಿನಷ್ಟನ್ನು ಸುಡದೆ ನೀರಿಗೂ ಗಾಳಿಗೂ ಉಗುಳುತ್ತವೆ. ಅದಕ್ಕೇ ಅಲ್ಲಿನ ಸರ್ಕಾರ 1996ರಲ್ಲಿ ಹೊಸ ಮೋಟಾರುಗಳಿಗೆ ಹೊಗೆಯ ಮಿತಿ ಹಾಕಿತು. ತಾಹೋ ಎಂಬ ದೊಡ್ಡ ಸರೋವರದಲ್ಲಿ 1999ರಿಂದ ಕಾರ್ಬೊರೇಟರಿನ ಎರಡು ಸ್ಟ್ರೋಕ್ ಮೋಟಾರುಗಳೇ ನಿಷೇಧ. ತನ್ನ ಸಂತೋಷಕ್ಕೆ ಸರೋವರ ಎಷ್ಟು ಕೊಡಬೇಕು ಎಂದು ಅವನು ಲೆಕ್ಕ ಇಟ್ಟುಕೊಂಡಿದ್ದ. ವರ್ಷಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆಯೊಳಗೆ. ಓಡಿಸದೇ ಇಟ್ಟರೆ ಮೋಟಾರು ಮತ್ತೆ ಬಿಗಿದುಕೊಳ್ಳುತ್ತದೆ. ಹೆಚ್ಚು ಓಡಿಸಿದರೆ ನೀರು ಕೆಡುತ್ತದೆ. ಅಷ್ಟನ್ನೂ ಏಕೆ ಕೆಡಿಸಬೇಕು ಎಂದು ಯಾರಾದರೂ ಕೇಳಿದರೆ? ಕೇಳಿದೆ. ತನ್ನಲ್ಲಿ ಅದಕ್ಕೆ ಉತ್ತರವಿಲ್ಲ ಎಂದು ಒಪ್ಪಿಕೊಂಡ. ಹೊಟ್ಟೆಪಾಡಿಗೆ ಇಡೀ ದಿನ ಹೊಗೆ ಉಗುಳಿಸಿದ ಅಪ್ಪಯ್ಯನಿಗೆ ಒಂದು ಉತ್ತರವಾದರೂ ಇತ್ತು. ಹಾಗೆಂದು ಮೀನುಗಳಿಗೆ ಆ ವ್ಯತ್ಯಾಸ ತಿಳಿಯುತ್ತದೆಯೇ?

ಅಂದು ದೋಣಿಯಲ್ಲಿ ಕುಳಿತು ನನಗೆ ಅನಿಸಿದ್ದು ಇದು. ಮೋಹ ಮತ್ತು ಋಣ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡೂ ಹಳೆಯದನ್ನು ಬಿಡುವುದಿಲ್ಲ. ಆದರೆ ಮೋಹ ಗೋಣಿ ಸುತ್ತಿ ಮೂಲೆಯಲ್ಲಿ ಇಡುತ್ತದೆ. ಋಣ ತಿಳಿದವರು ಗೋಣಿ ಬಿಚ್ಚುತ್ತಾರೆ. ಯಾವುದು ಸತ್ತಿದೆ, ಯಾವುದಕ್ಕೆ ಇನ್ನೂ ಜೀವವಿದೆ ಎಂದು ಕೈ ಕೊಳೆ ಮಾಡಿಕೊಂಡು ನೋಡುತ್ತಾರೆ. ಅದರ ದೋಷವನ್ನೂ ಮುಚ್ಚಿಡುವುದಿಲ್ಲ. ನೋಡಿದ ಮೇಲೆ ಬಿಡಬೇಕೆನಿಸಿದರೆ ಬಿಡಬಹುದು. ನಾವು ವರ್ಷಕ್ಕೊಂದು ದಿನ ಕುಂಕುಮ ಹಚ್ಚಿದೆವು, ಆಮೇಲೆ ನೋಡದೆ ಕೊಟ್ಟೆವು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೋಟಾರಿನಲ್ಲಿ ಹದಿನಾರು ವರ್ಷದ ಆಯುಷ್ಯ ಸವೆಸಿದವರು ಹತ್ತಡಿ ದೂರದಲ್ಲಿ ಕುಳಿತಿದ್ದರು. ಅಣ್ಣ ನನ್ನನ್ನು ಕೇಳಿದ. ನಾನು ಉತ್ತರ ಹೇಳಿದೆ. ಅವರನ್ನು ಕೇಳಲಿಲ್ಲ. ಅಪ್ಪಯ್ಯ ಬಹುಶಃ "ಕೊಡಿ" ಎಂದೇ ಹೇಳುತ್ತಿದ್ದರು. ಆದರೆ ಆ ಮಾತು ಹೇಳುವ ಹಕ್ಕು ಅವರದಾಗಿತ್ತು. ನಮ್ಮ ಅವಸರದಲ್ಲಿ ಅದನ್ನೂ ಗುಜರಿಯ ತಕ್ಕಡಿಗೆ ಹಾಕಿದ್ದೆವು.

ಊರಿಗೆ ಮರಳಿದ ಮೇಲೆ ತವರಿಗೆ ಹೋದೆ. ಅತ್ತಿಗೆ ಕೋಣೆ ಖಾಲಿ ಮಾಡುತ್ತಿದ್ದಳು. ಅಮ್ಮನ ಕಾಲಿನ ಹೊಲಿಗೆ ಮಿಷನ್ನು ಬಾಗಿಲಿಗೆ ಅಡ್ಡ ನಿಂತಿತ್ತು. "ಇದನ್ನೇನು ಮಾಡುವುದು?" ಎಂದು ಅತ್ತಿಗೆ ಎಂದಿನಂತೆ ನನ್ನ ಮುಖ ನೋಡಿದಳು. ನಾನು ಅಮ್ಮನನ್ನು ಕೈಹಿಡಿದು ಕರೆತಂದು ಅದರ ಮುಂದೆ ಕೂರಿಸಿದೆ. ಎಣ್ಣೆ ಬಿಟ್ಟು, ಬೆಲ್ಟು ಸರಿಮಾಡಿ, ಹಳೆಯ ಸೀರೆಯ ತುಂಡು ಕೊಟ್ಟೆ. ಎಂಬತ್ತೆರಡರ ಅಮ್ಮ ಎರಡೂ ಪಾದ ಇಟ್ಟು ತುಳಿದಳು. ಒಂದು ಗೇಣು ಹೊಲಿಗೆ ನೇರವಾಗಿ ಬಂತು, ಆಮೇಲೆ ದಾರ ಕಡಿಯಿತು. ಮತ್ತೆ ಪೋಣಿಸಲು ಕಣ್ಣು ಕಾಣಲಿಲ್ಲ. ಬಟ್ಟೆಯನ್ನು ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು.

"ಇನ್ನ್ ಕೊಡ್ಲಕ್ಕ್," ಎಂದಳು.

ಕೊಟ್ಟೆವು. ಪಕ್ಕದ ಕೇರಿಯ ಹುಡುಗಿಯೊಬ್ಬಳು ಅದರಲ್ಲಿ ರವಿಕೆ ಹೊಲಿಯುವುದನ್ನು ಕಲಿಯುತ್ತಿದ್ದಾಳೆ.